ಅಕ್ಕನ ಕೊನೆಯ ಹಾಜರಿ, ನನ್ನ ಮುಕ್ಕಾಲು ಸುತ್ತು

ಕಾರಿನ ಕಾರ್ಬೊರೇಟರನ್ನು ಊಟದ ಟೇಬಲ್ ಮೇಲೆ ಇಟ್ಟುಕೊಂಡು ಮುದ್ದಾಡುವ ಗಂಡಸನ್ನು ನೀವು ನೋಡಿದ್ದೀರಾ? ಹೋದ ತಿಂಗಳು ಕಲಬುರಗಿಯ ಗಾಜಿಪುರದ ನಮ್ಮ ಮನೆಗೆ ಬಂದಿದ್ದರೆ ನೋಡುತ್ತಿದ್ದಿರಿ.

ಆನ್‌ಲೈನ್‌ನಲ್ಲಿ ತರಿಸಿದ ಪಾರ್ಸಲ್ ಅಂದು ಮಧ್ಯಾಹ್ನ ಬಂದಿತ್ತು. ಬಿಚ್ಚಿದೆ. ಬೆಳ್ಳಿಯ ಹಾಗೆ ಹೊಳೆಯುವ ಸಾಮಾನು. ಹೆಂಡತಿ ಭಾಜಿ ಬೋಗುಣಿ ಹಿಡಿದು ಬಂದವಳು ಹಾಗೇ ನಿಂತಳು.

"ಇದೇನ್ರೀ, ಮಿಕ್ಸರ್ ಮೋಟರೇನು?"

"ಅಲ್ಲ, ಕಾರಿನ ಕಾರ್ಬೊರೇಟರ್. ಪೆಟ್ರೋಲು, ಗಾಳಿ ಎರಡನ್ನೂ ಕೂಡಿಸಿ ಇಂಜಿನ್ನಿಗೆ ಕೊಡೋದು ಇದೇ."

"ಅಂದ್ರ ಮಿಕ್ಸರೇ ಆತಲ್ಲ. ತೆಗೀರಿ ಮೊದ್ಲು, ರೊಟ್ಟಿ ಆರಾಕತ್ತಾವ."

ನನ್ನ ಕಾರು ನಿಮಗೆ ಗೊತ್ತೇ ಇದೆ (ಈ ಅಂಕಣದಲ್ಲಿ ಅದನ್ನು ಎಷ್ಟು ಸಲ ಹೊಗಳಿದ್ದೇನೋ ಲೆಕ್ಕವಿಲ್ಲ). ಇಪ್ಪತ್ತೈದು ವರ್ಷ ದಾಟಿದ ಸಣ್ಣ ಬಿಳಿ ಕಾರು. ಈಗಿನ ಕಾರುಗಳಲ್ಲಿ ಪೆಟ್ರೋಲು ಎಷ್ಟು, ಗಾಳಿ ಎಷ್ಟು ಎಂದು ಕಂಪ್ಯೂಟರ್ ನೋಡಿಕೊಳ್ಳುತ್ತದೆ. ನನ್ನದರಲ್ಲಿ ಒಂದು ಪುಟ್ಟ ಸ್ಕ್ರೂ ನೋಡಿಕೊಳ್ಳುತ್ತದೆ. ಹಳೆಯ ಕಾರ್ಬೊರೇಟರ್ ಸವೆದು ಹೋಗಿತ್ತು. ಸಿಗ್ನಲ್‌ನಲ್ಲಿ ನಿಂತರೆ ಕಾರು ಜ್ವರ ಬಂದವರಂತೆ ನಡುಗುತ್ತಿತ್ತು. ಕಂಪನಿಯ ಅಸಲಿ ಸಾಮಾನು ಈಗ ಸಿಗುವುದಿಲ್ಲ. ಹಾಗಾಗಿ ಬೇರೆ ಯಾರೋ ತಯಾರಿಸಿದ, ಆದರೆ ಇದಕ್ಕೇ ಹೊಂದುತ್ತದೆ ಎಂದು ಬರೆದಿದ್ದ ಹೊಸದನ್ನು ತರಿಸಿದ್ದೆ.

ಅವಸರಕ್ಕೆ ಕಾರಣ ನನ್ನ ಅಕ್ಕ.

ಶಾಂತಕ್ಕ ಕಮಲಾಪುರದ ಪ್ರೈಮರಿ ಶಾಲೆಯಲ್ಲಿ ಟೀಚರ್. ಮೂವತ್ತು ವರ್ಷಕ್ಕೂ ಮೇಲೆ ಒಂದೇ ಶಾಲೆ, ದಿನಾ ಕಲಬುರಗಿಯಿಂದ ಬಸ್ಸಿನಲ್ಲಿ ಹೋಗಿ ಬರುವುದು. ಟಿಫಿನ್ ಡಬ್ಬಿ, ಕೊಡೆ, ಹೆಗಲಿಗೊಂದು ಬ್ಯಾಗು. ಹೋದ ತಿಂಗಳ ಕೊನೆಯ ದಿನ ಅವಳ ರಿಟೈರ್‌ಮೆಂಟ್. ಅಂದು ಶನಿವಾರ, ಬೆಳಗಿನ ಶಾಲೆ. ಹೆಡ್‌ಮೇಡಂ ಹೇಳಿದ್ದರಂತೆ: "ಅವತ್ತೊಂದಿನ ನೀವು ನಮ್ಮ ಅತಿಥಿ ಅಕ್ಕೋರ, ಹತ್ತು ಗಂಟೆಕ್ಕ ಬರ್ರಿ ಸಾಕು."

"ಶಾಲು ಹಾರ ಏನೂ ಬ್ಯಾಡ ತಮ್ಮಾ," ಅಕ್ಕ ನನಗೆ ಹೇಳಿದಳು. "ನಾಕನೇ ಕ್ಲಾಸಿನ ಹುಡುಗೂರ ಹಾಜರಿ ಒಮ್ಮೆ ಕರದು ಬಂದ್ರ ಸಾಕು. ಅಷ್ಟ ನನ್ನ ಆಸೆ."

"ಬಸ್ಸಿನ್ಯಾಗ ಯಾಕ್ ಹೋಗ್ತಿ? ನಾ ಕಾರಿನ್ಯಾಗ ಕರ್ಕೊಂಡು ಹೋಗ್ತೀನಿ," ಎಂದೆ.

ಇಷ್ಟು ವರ್ಷ ಎಂದಾದರೂ ಬಿಟ್ಟು ಬಂದಿದ್ದೆನಾ? ಇಲ್ಲ. ಕೊನೆಯ ದಿನ ದೊಡ್ಡವನಾಗಲು ಹೊರಟೆ.

ಸೂಪರ್ ಮಾರ್ಕೆಟ್ ಹಿಂದಿನ ಗಲ್ಲಿಯಲ್ಲಿ ಮೌಲಾಲಿ ಉಸ್ತಾದ್ ಅವರ ಗ್ಯಾರೇಜು. ಗ್ಯಾರೇಜು ಅಂದರೆ ಒಂದು ತಗಡಿನ ಶೆಡ್ಡು, ಒಂದು ಬೇವಿನ ಮರ. ನನ್ನ ಕಾರಿನ ಮೇಲೆ ನನಗಿಂತ ಹೆಚ್ಚು ಹಕ್ಕು ಅವರಿಗಿದೆ. ಹೊಸ ಕಾರ್ಬೊರೇಟರನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಊದಿದರು. ಮೂಸಿ ಕೂಡ ನೋಡಿದರು.

"ಮಾಲ್ ಠೀಕ್ ಅದ. ಆದ್ರ ಹೊಸಾದು ಸರ, ಪಳಗಬೇಕು."

ಒಂದು ಮಧ್ಯಾಹ್ನ ಪೂರ್ತಿ ಕೆಲಸ. ಹಳೆಯದನ್ನು ಬಿಚ್ಚಿ, ಹೊಸದನ್ನು ಕೂರಿಸಿ, ಪೈಪು ಜೋಡಿಸಿ, ಇಂಜಿನ್ ಬಿಸಿ ಮಾಡಿದರು. ಆಮೇಲೆ ಸ್ಕ್ರೂಡ್ರೈವರ್‌ನ ತುದಿ ಇಂಜಿನ್ ಮೇಲೆ, ಹಿಡಿಕೆ ತಮ್ಮ ಕಿವಿಗೆ. ಕಣ್ಣು ಮುಚ್ಚಿ ಸ್ಕ್ರೂವನ್ನು ಕೂದಲೆಳೆಯಷ್ಟು ಅತ್ತ, ಕೂದಲೆಳೆಯಷ್ಟು ಇತ್ತ. ನಾನು ಏನೋ ಕೇಳಲು ಹೋದರೆ ಕೈಸನ್ನೆಯಲ್ಲೇ ಬಾಯಿ ಮುಚ್ಚಿಸಿದರು. ಕೊನೆಗೆ ಸ್ಕ್ರೂವಿನ ತಲೆಯಿಂದ ಪಕ್ಕದ ಲೋಹದವರೆಗೆ ಕೆಂಪು ಪೇಂಟಿನ ಒಂದು ಗೆರೆ ಎಳೆದರು.

"ಇದು ಕಚ್ಚಾ ಟ್ಯೂನಿಂಗ್. ಪೆಟ್ರೋಲ್ ಸ್ವಲ್ಪ ಜಾಸ್ತೀನ ಬಿಟ್ಟೀನಿ. ವಾಸನಿ ಬರ್ತದ, ಆವರೇಜ್ ಕಮ್ಮಿ ಆಗ್ತದ. ಒಂದ್ ವಾರ ಓಡಸ್ರಿ, ತಗೊಂಡು ಬರ್ರಿ, ಪಕ್ಕಾ ಮಾಡಿ ಕೊಡ್ತೀನಿ. ಅಲ್ಲೀತನಕ ಈ ಸ್ಕ್ರೂ ಮುಟ್ಟಬ್ಯಾಡ್ರಿ. ಕಸಂ ಅದ ನೋಡ್ರಿ."

ಮುಟ್ಟುವುದಿಲ್ಲ ಎಂದೆ. ಆಣೆ ಮಾಡಿ ಕಸಂ ಎಂದೆ.

ಎರಡು ದಿನ ಮುಟ್ಟಲಿಲ್ಲ. ಎರಡು ದಿನವೂ ಪೆಟ್ರೋಲ್ ವಾಸನೆ. ಪೆಟ್ರೋಲ್ ಮುಳ್ಳು ಕೆಳಗಿಳಿದಂತೆಲ್ಲ ನನ್ನ ಬಿಪಿ ಮೇಲೇರುತ್ತಿತ್ತು. ಮೊಬೈಲ್‌ನಲ್ಲಿ ವಿಡಿಯೋ ಹುಡುಕಿದೆ. ಕ್ಯಾಪ್ ಹಾಕಿಕೊಂಡ ಯಾವುದೋ ಊರಿನ ಹುಡುಗನೊಬ್ಬ, ಮೂರೇ ನಿಮಿಷದಲ್ಲಿ, ಸ್ಕ್ರೂ ಇಷ್ಟೇ ಸುತ್ತು ಇರಬೇಕು, ಮೈಲೇಜ್ ನೋಡಿ ಆಮೇಲೆ ಎಂದ. ಉಸ್ತಾದ್ ಅವರ ಅನುಭವ ದೊಡ್ಡದೋ, ಮೂರು ನಿಮಿಷದ ವಿಡಿಯೋ ದೊಡ್ಡದೋ? ನನ್ನಂಥ ಓದಿದವನಿಗೆ ಯಾವುದು ದೊಡ್ಡದಾಗಿ ಕಂಡಿತು ಎಂದು ಹೇಳಬೇಕಾಗಿಲ್ಲ.

ಶುಕ್ರವಾರ ಸಂಜೆ ಅಂಗಳದಲ್ಲಿ ಬಾನೆಟ್ ಎತ್ತಿದೆ. ಪೆಟ್ರೋಲ್ ಕಡಿಮೆ ಹರಿಯಲಿ ಎಂದು ಸ್ಕ್ರೂವನ್ನು ಮುಕ್ಕಾಲು ಸುತ್ತು ಬಿಗಿ ಮಾಡಿದೆ. ಕೆಂಪು ಗೆರೆ ಮುರಿಯಿತು. ಇಂಜಿನ್ ಸದ್ದು ತೆಳ್ಳಗಾಯಿತು, ವಾಸನೆ ಹೋಯಿತು. ಕೈ ಒರೆಸಿಕೊಂಡು ಒಳಗೆ ಬಂದಾಗ ನನ್ನ ಮುಖದಲ್ಲಿದ್ದ ಜಂಬ ನೀವು ನೋಡಬೇಕಿತ್ತು.

ನಮಗೆ ಇದೊಂದು ಚಟ. ಕೆಲಸ ಗೊತ್ತಿದ್ದವರ ಕೈಗೆ ಕೆಲಸ ಕೊಡುತ್ತೇವೆ, ಆಮೇಲೆ ಅದರಲ್ಲಿ ಬೆರಳು ತೂರಿಸುತ್ತೇವೆ. ಡಾಕ್ಟರು ಬರೆದ ಗುಳಿಗೆಯನ್ನು ಅರ್ಧ ಮಾಡಿ ನುಂಗುತ್ತೇವೆ. ಅಡುಗೆಯವರು ಉಪ್ಪು ಹಾಕಿ ಆ ಕಡೆ ತಿರುಗಿದರೆ ಈ ಕಡೆಯಿಂದ ಒಂದು ಚಿಟಿಕೆ. ಕೈ ಸುಮ್ಮನಿರಲು ಏನು ಕೊಡಬೇಕು ನಮಗೆ?

ಶನಿವಾರ ಬೆಳಿಗ್ಗೆ ಅಕ್ಕ ಇಳಕಲ್ ಸೀರೆ ಉಟ್ಟು ಮುಂದಿನ ಸೀಟಿನಲ್ಲಿ ಕೂತಳು. ತೊಡೆಯ ಮೇಲೆ ಮಕ್ಕಳಿಗೆಂದು ಪೇಢೆಯ ಡಬ್ಬಿ. ಹುಮನಾಬಾದ್ ರಸ್ತೆಗೆ ಬಿದ್ದಾಗ ಕಾರು ಗಾಳಿಯಂತೆ ಓಡಿತು. "ನೋಡಿದೇನು ಅಕ್ಕಾ?" ಎಂದೆ. ಅಕ್ಕ ನಕ್ಕಳು. ಕಿಟಕಿಯಿಂದ ತೊಗರಿ ಕೊಯ್ದ ಹೊಲಗಳನ್ನು ನೋಡುತ್ತಾ, "ಬಸ್ಸಿನ್ಯಾಗ ಕಿಟಕಿ ಕಡಿ ಸೀಟು ಸಿಕ್ಕೇ ಇಲ್ಲ ನೋಡು ನನಗ," ಎಂದಳು.

ಮಹಾಗಾಂವ್ ಕ್ರಾಸ್ ಬಳಿ ದನಗಳು ಅಡ್ಡ ಬಂದವು. ಬ್ರೇಕ್ ಹಾಕಿದೆ. ಇಂಜಿನ್ ಕೆಮ್ಮಿ ಆರಿತು. ಹೇಗೋ ಸ್ಟಾರ್ಟ್ ಮಾಡಿದೆ. ಎರಡು ಮೈಲಿ ಹೋದ ಮೇಲೆ, ಲಾರಿಯ ಹಿಂದೆ ನಿಧಾನ ಮಾಡಿದಾಗ ಮತ್ತೆ ಆರಿತು. ಈ ಸಲ ಏಳಲಿಲ್ಲ.

ಬೇಸಿಗೆಯ ಬಿಸಿಲು. ಸುತ್ತ ಒಂದು ಗಿಡವಿಲ್ಲ. ಬಾನೆಟ್ ಎತ್ತಿ ಬಗ್ಗಿದೆ. ಸ್ಕ್ರೂ ಸ್ವಲ್ಪ ಸಡಿಲ ಮಾಡಿದೆ, ಮತ್ತೆ ಬಿಗಿ ಮಾಡಿದೆ, ಎಷ್ಟು ಸುತ್ತು ತಿರುವಿದೆ ಎನ್ನುವುದೇ ತಪ್ಪಿಹೋಯಿತು. ಚೋಕ್ ಎಳೆದೆ, ಆಕ್ಸಿಲರೇಟರ್ ತುಳಿದೆ. ಪೆಟ್ರೋಲ್ ಉಕ್ಕಿ ಪ್ಲಗ್ಗುಗಳೆಲ್ಲ ತೊಯ್ದವು.

ಆಗ ಬಂತು ಬಸ್ಸು.

ಅಕ್ಕ ದಿನಾ ಹೋಗುವ ಮಾರ್ಗದ ಬಸ್ಸೇ. ಕೈ ಮಾಡದಿದ್ದರೂ ಡ್ರೈವರ್ ಅಕ್ಕನನ್ನು ಗುರುತಿಸಿ ನಿಲ್ಲಿಸಿದ. ಕಂಡಕ್ಟರ್ ಬಾಗಿಲಲ್ಲಿ ನಿಂತು ಕೂಗಿದ: "ಅಕ್ಕೋರ, ಇಲ್ಯಾಕ್ ನಿಂತೀರಿ? ಬರ್ರಿ, ಹತ್ರಿ!"

ಅಕ್ಕ ಪೇಢೆ ಡಬ್ಬಿ ಎತ್ತಿಕೊಂಡಳು. ನನ್ನ ಮುಖ ನೋಡಿದಳು.

"ಐದ್ ನಿಮಿಷ ಅಕ್ಕಾ, ಆಗೇ ಹೋತು," ಎಂದೆ. ಕಂಡಕ್ಟರ್ ಕಡೆ ಕೈ ಬೀಸಿದೆ. "ನೀವು ನಡೀರಿ, ನಾವು ನಿಮಗಿಂತ ಮೊದ್ಲ ಹೋಗ್ತೀವಿ!"

ಬಸ್ಸು ಹೋಯಿತು. ಅಕ್ಕ ಡಬ್ಬಿಯನ್ನು ಮತ್ತೆ ಸೀಟಿನ ಮೇಲಿಟ್ಟಳು. ತಮ್ಮ ಹೇಳಿದ ಮೇಲೆ ಮುಗಿಯಿತು ಎನ್ನುವ ಸ್ವಭಾವ ಅವಳದು. ನಾನು ಅದನ್ನು ಎಷ್ಟೋ ವರ್ಷದಿಂದ ಪುಕ್ಕಟೆ ಬಳಸಿಕೊಂಡಿದ್ದೇನೆ.

ಹತ್ತು ಗಂಟೆಗೆ ಉಸ್ತಾದ್‌ಗೆ ಫೋನ್ ಮಾಡಿದೆ. ಅವರ ಮೊದಲ ಪ್ರಶ್ನೆ ಒಂದೇ.

"ಸ್ಕ್ರೂ ಮುಟ್ಟೀರೇನ್ ಸರ?"

ಅಕ್ಕ ಎರಡು ಮಾರು ದೂರದಲ್ಲಿ ನಿಂತು, ನಾನು ಏನು ಹೇಳುತ್ತೇನೆ ಎಂದೇ ನೋಡುತ್ತಿದ್ದಳು.

"ಇಲ್ಲ ಉಸ್ತಾದ್," ಎಂದೆ.

ಹೌದು ಎಂದಿದ್ದರೆ? ಎಷ್ಟು ಸುತ್ತು ಬಿಚ್ಚಬೇಕು, ಪ್ಲಗ್ ಹೇಗೆ ಒಣಗಿಸಬೇಕು ಎಂದು ಅವರು ಫೋನಿನಲ್ಲೇ ಹೇಳುತ್ತಿದ್ದರು. ಕಾಲು ಗಂಟೆಯ ಕೆಲಸ. ಆದರೆ ಸ್ಕ್ರೂ ಮುಟ್ಟಿಲ್ಲ ಎಂದಮೇಲೆ ಪಾಪ ಅವರು ಬೇರೆ ಕಡೆ ಹುಡುಕಬೇಕಲ್ಲ? ಫಿಲ್ಟರ್ ನೋಡಿ ಎಂದರು, ನೋಡಿದೆ. ಪೈಪ್ ಬಿಚ್ಚಿ ಊದಿ ಎಂದರು, ಊದಿದೆ. ಪಂಪ್ ನೋಡಿ ಎಂದರು. ತಪ್ಪು ಎಲ್ಲಿದೆ ಎಂದು ಗೊತ್ತಿದ್ದೂ ಇಲ್ಲದ ಕಡೆ ಹುಡುಕುವ ನಾಟಕವನ್ನು ಬಿಸಿಲಲ್ಲಿ ಮುಕ್ಕಾಲು ಗಂಟೆ ಆಡಿದೆ. (ಶುಗರ್ ಇದ್ದೂ ಡಾಕ್ಟರ ಮುಂದೆ "ಸಿಹಿ ಮುಟ್ಟೇ ಇಲ್ರೀ" ಎನ್ನುವವರನ್ನು ಇದೇ ಅಂಕಣದಲ್ಲಿ ಲೇವಡಿ ಮಾಡಿದ್ದೆ. ಮರೆತಿಲ್ಲ.)

ಅಕ್ಕ ಎರಡು ಸಲ ಹೆಡ್‌ಮೇಡಂಗೆ ಫೋನ್ ಮಾಡಿದಳು. "ಬರಾಕತ್ತೀನ್ರೀ. ಹುಡುಗೂರಿಗಿ ಸ್ವಲ್ಪ ಕೂಡಸ್ರಿ." ಎಕ್ಸ್‌ಪ್ರೆಸ್ ಬಸ್ಸುಗಳು ನಿಲ್ಲದೆ ಹೋದವು. ಒಂದು ಟಂಟಂ ಆಟೋ ಬಂತು, ಹಿಂದೆ ಜೋತುಬಿದ್ದವರೇ ನಾಲ್ಕು ಮಂದಿ.

"ಅಲ್ಲೇ ಇರ್ರಿ, ನಾನೇ ಬರ್ತೀನಿ," ಎಂದರು ಕೊನೆಗೆ ಉಸ್ತಾದ್.

ಮೋಟರ್‌ಸೈಕಲ್ ಮೇಲೆ ಅವರು ಬಂದಿಳಿದಾಗ ಹನ್ನೊಂದೂವರೆ. ಬಾನೆಟ್ಟಿನೊಳಗೆ ಬಗ್ಗಿದರು. ಮುರಿದ ಕೆಂಪು ಗೆರೆ ನೋಡಿದರು. ತಲೆಯೆತ್ತಿ ನನ್ನನ್ನು ನೋಡಿದರು. ಅಷ್ಟೇ. ಪ್ಲಗ್ ಒರೆಸಿದರು, ಸ್ಕ್ರೂ ಪೂರ್ತಿ ಬಿಗಿಸಿ, ಎಣಿಸಿ ಎಣಿಸಿ ಬಿಚ್ಚಿದರು. ಮೊದಲ ಕೀಗೇ ಇಂಜಿನ್ ಎದ್ದಿತು.

"ಏನಾಗಿತ್ತ್ರೀ?" ಅಕ್ಕ ಕೇಳಿದಳು.

ಉಸ್ತಾದ್ ಕೈ ಒರೆಸಿಕೊಳ್ಳುತ್ತಾ ಹೇಳಿದರು: "ಜೆಟ್‌ನ್ಯಾಗ, ಅಂದ್ರ ಪೆಟ್ರೋಲ್ ಬರೋ ಸಣ್ಣ ತೂತಿನ್ಯಾಗ, ಧೂಳು ಕುಂತಿತ್ತ್ರೀ ಅಕ್ಕೋರ. ಹೊಸ ಸಾಮಾನಿಗೆ ಹಂಗ ಆಗ್ತದ. ಸರಂದು ಏನೂ ತಪ್ಪಿಲ್ಲ."

ನಾನು ಬಾನೆಟ್ ಮುಚ್ಚಿ ಕಾರು ಹತ್ತಿದೆ.

ಕಮಲಾಪುರದ ಶಾಲೆ ಮುಟ್ಟಿದಾಗ ಹನ್ನೆರಡು ದಾಟಿತ್ತು. ಮಕ್ಕಳು ಹೋಗಿ ಕಾಲು ಗಂಟೆಯಾಗಿತ್ತು. ಲಂಬಾಣಿ ತಾಂಡಾದಿಂದ ಬರುವ ಮಕ್ಕಳ ಆಟೋ ಕಾದು ಕಾದು ಹೊರಟಿತ್ತು, ಉಳಿದವರೂ ಮನೆಗೆ ಹೋಗಿದ್ದರು. ವರಾಂಡದಲ್ಲಿ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದರು. ಹೆಡ್‌ಮೇಡಂ ಮತ್ತು ಇಬ್ಬರು ಟೀಚರ್‌ಗಳು ಓಡಿ ಬಂದು ಹಾರ ಹಾಕಿದರು, ಶಾಲು ಹೊದಿಸಿದರು, ಮೊಬೈಲ್‌ನಲ್ಲಿ ಫೋಟೋ ತೆಗೆದರು. ಅಕ್ಕ ಎಲ್ಲದಕ್ಕೂ ನಕ್ಕಳು.

ಆಮೇಲೆ ನಾಲ್ಕನೇ ತರಗತಿಯ ಕೋಣೆಗೆ ಹೋದಳು. ಬೆಂಚುಗಳು ಖಾಲಿ. ಹೆಡ್‌ಮೇಡಂ ಹಾಜರಿ ಪುಸ್ತಕ ತಂದು ಮುಂದಿಟ್ಟರು.

"ನೀವೇ ಕರೀತೀರಂತ ಇವತ್ತಿಂದು ಖಾಲಿ ಬಿಟ್ಟೀವ್ರೀ. ಹೆಚ್ಚೂಕಮ್ಮಿ ಎಲ್ಲಾರೂ ಬಂದಿದ್ರು. ನಿಮ್ಮ ಕೈಲೇ ಹಾಕಿಬಿಡ್ರಿ."

ಅಕ್ಕ ಪೆನ್ನು ತೆಗೆದಳು. ಮೊದಲ ಹೆಸರಿನ ಮೇಲೆ ಬೆರಳಿಟ್ಟಳು. ಖಾಲಿ ಬೆಂಚುಗಳ ಕಡೆ ನೋಡಿದಳು. ಪೆನ್ನಿನ ಟೋಪಿ ಹಾಕಿದಳು.

"ನಾ ನೋಡಿಲ್ಲಲ್ರೀ ಮೇಡಂ. ನೋಡ್ಲಾರದ ಹೆಂಗ ಹಾಕ್ಲಿ? ನೀವು ನೋಡೀರಿ, ನೀವೇ ಹಾಕ್ರಿ."

ಪುಸ್ತಕ ಮಡಚಿ ಅವರ ಕೈಗೆ ಕೊಟ್ಟಳು. ಇಷ್ಟು ವರ್ಷ ಅವಳ ಅಕ್ಷರದಲ್ಲೇ ಇದ್ದ ಹಾಜರಿ, ಕೊನೆಯ ದಿನ ಬೇರೆಯವರ ಅಕ್ಷರದಲ್ಲಿದೆ. ಪೇಢೆ ಡಬ್ಬಿಯನ್ನು ಸೋಮವಾರ ಮಕ್ಕಳಿಗೆ ಹಂಚಿ ಎಂದು ಟೇಬಲ್ ಮೇಲೆ ಇಟ್ಟಳು. ಬಾಗಿಲಲ್ಲಿ ನಿಂತಿದ್ದ ನನಗೆ ಒಳಗೆ ಕಾಲಿಡಲು ಆಗಲಿಲ್ಲ.

ವಾಪಸ್ ಬರುವಾಗ ಕಾರು ಚೆನ್ನಾಗಿ ಓಡಿತು. ಅದು ಚೆನ್ನಾಗಿ ಓಡಿದಷ್ಟೂ ನನಗೆ ಸಂಕಟವಾಗುತ್ತಿತ್ತು. ಅಕ್ಕ ಮಾತ್ರ ನನ್ನನ್ನೇ ಸಮಾಧಾನ ಮಾಡಿದಳು. "ಧೂಳು ಕುಂತ್ರ ನೀ ಏನ್ ಮಾಡ್ತಿ ತಮ್ಮಾ? ಬಿಡು. ಬಿಸಿಲಾಗ ಎಷ್ಟ್ ಒದ್ದಾಡಿದಿ ಪಾಪ." ಅಂದಿನಿಂದ ಬಂಧುಗಳು ಕೇಳಿದಾಗಲೆಲ್ಲ ಅದನ್ನೇ ಹೇಳುತ್ತಿದ್ದಾಳೆ. ಧೂಳಿನ ಕಥೆ, ಪಾಪದ ತಮ್ಮನ ಕಥೆ.

ಮರುದಿನ ಉಸ್ತಾದ್ ಬಳಿ ಹೋದೆ. ತಲೆ ತಗ್ಗಿಸಿ ನಿಂತೆ. "ಯಾಕ್ ಉಸ್ತಾದ್ ಹಂಗ ಹೇಳಿದ್ರಿ?"

ಅವರು ಯಾವುದೋ ಸ್ಕೂಟರಿನ ಚಕ್ರ ಬಿಚ್ಚುತ್ತಿದ್ದರು. ನನ್ನ ಕಡೆ ನೋಡಲೂ ಇಲ್ಲ. "ಅಕ್ಕನ ಮುಂದ ತಮ್ಮನ ಇಜ್ಜತ್ ನಾ ತೆಗೀಲೇನ್ ಸರ? ಗಾಡಿ ರಿಪೇರಿ ನನ್ನ ಕೆಲಸ, ಮಾಡೀನಿ. ಉಳಿದದ್ದು ಹೇಳೋದು ನಿಮ್ಮ ಕೆಲಸ."

ಮೂರು ವಾರವಾಯಿತು. ಅಕ್ಕನ ಮನೆಗೆ ನಾಲ್ಕು ಸಲ ಹೋಗಿದ್ದೇನೆ. ನಾಲ್ಕು ಸಲವೂ ಚಹಾ ಕುಡಿದು, ಅದೂ ಇದೂ ಮಾತಾಡಿ ಎದ್ದು ಬಂದಿದ್ದೇನೆ. ನಮ್ಮ ಮನೆತನಗಳಲ್ಲಿ ಅಕ್ಕಂದಿರ ಕಾಲಿಗೆ ಬೀಳುವ ಪದ್ಧತಿ ಇದೆ, ತಪ್ಪಾಯಿತು ಎಂದು ಅವರಿಗೆ ಹೇಳುವ ಪದ್ಧತಿ ಇಲ್ಲ. ಬೀಳುವುದು ಎಷ್ಟು ಸುಲಭ, ಹೇಳುವುದು ಎಷ್ಟು ಕಷ್ಟ!

ಈ ಅಂಕಣವನ್ನು ಪ್ರತಿ ವಾರ ಮೊದಲು ಓದುವವಳು ಅವಳೇ. ಕಾಗುಣಿತ ತಪ್ಪಿದ್ದರೆ ಎಂಟು ಗಂಟೆಯೊಳಗೆ ಫೋನ್ ಬರುತ್ತದೆ. ಎದುರು ಕೂತು ಹೇಳಲಾಗದ ಹೇಡಿ, ಊರವರೆಲ್ಲರ ಮುಂದೆ ಬರೆಯುತ್ತಿದ್ದೇನೆ.

ಅಕ್ಕಾ, ಜೆಟ್‌ನ್ಯಾಗ ಧೂಳು ಕುಂತಿರಲಿಲ್ಲ, ಸ್ಕ್ರೂ ತಿರುವಿದ್ದು ನಿನ್ನ ತಮ್ಮ.