ಇಡ್ಲಿ ಸ್ಟ್ಯಾಂಡಿನಲ್ಲಿ ಬಾಂಬರ್ ವಿಮಾನಗಳು

ಈ ಭಾನುವಾರ ಬೆಳಿಗ್ಗೆ ಸಿಡ್ನಿಯ ಕೆಲ್ಲಿವಿಲ್‌ನ ನಮ್ಮ ಮನೆಯಲ್ಲಿ ಇಡ್ಲಿ ಅಪ್ಪಚ್ಚಿಯಾಯಿತು. ಮಗಳು ಸ್ಟ್ಯಾಂಡಿನ ತಟ್ಟೆಗಳನ್ನು ಗುಳಿಯ ಮೇಲೆ ಗುಳಿ ಬರುವಂತೆ ಜೋಡಿಸಿ, "ಅಪ್ಪಾ, ದಿಸ್ ಈಸ್ ನೀಟರ್" ಅಂದಿದ್ದಳು. ಮೇಲಿನ ತಟ್ಟೆಯ ತಳ ಕೆಳಗಿನ ಇಡ್ಲಿಯ ತಲೆ ಒತ್ತಿತ್ತು. ಬೈಯಲು ಬಾಯಿ ತೆರೆದವನಿಗೆ ಟೆಡ್ ಅಂಕಲ್ ನೆನಪಾದರು.

ಹುಬ್ಬಳ್ಳಿಯ ಬಸು ಮತ್ತು ನಾನು ಮೆಲ್ಬರ್ನಿನ ವೆರಿಬೀಯಲ್ಲಿ ಸ್ಟೂಡೆಂಟುಗಳಾಗಿದ್ದಾಗ ಅವರು ಪಕ್ಕದ ಮನೆಯವರು. ಎಂಬತ್ತು ದಾಟಿತ್ತು. ಎರಡನೇ ಮಹಾಯುದ್ಧದಲ್ಲಿ ಬಾಂಬರ್ ವಿಮಾನದ ಬಾಲದಲ್ಲಿ ಕೂತು ಗನ್ ಹಿಡಿದವರು. ಒಮ್ಮೆ ತಮ್ಮ ಗಿಡದ ನಿಂಬೆಹಣ್ಣು ಕೊಡಲು ಬಂದವರು, ಗುಳಿಯ ಮೇಲೆ ಗುಳಿ ಬಾರದಂತೆ ಜೋಡಿಸಿದ್ದ ನಮ್ಮ ಇಡ್ಲಿ ಸ್ಟ್ಯಾಂಡನ್ನು ತಿರುತಿರುಗಿಸಿ ನೋಡಿ, ನಾವು ಹಾರುತ್ತಿದ್ದುದೂ ಹೀಗೇ ಎಂದರು. ವಿಮಾನಗಳು ಒಂದರ ನೆತ್ತಿಯ ಮೇಲೆ ಇನ್ನೊಂದಿರಬಾರದು. ತುಸು ಪಕ್ಕಕ್ಕೆ, ತುಸು ಮೇಲೆ ಕೆಳಗೆ ಇರಬೇಕು. ಆಗ ನನ್ನ ಹೊಟ್ಟೆಯನ್ನು ನಿನ್ನ ಗನ್ ಕಾಯುತ್ತದೆ, ನಿನ್ನ ಬೆನ್ನನ್ನು ನನ್ನದು. ಶತ್ರುವಿನ ಫೈಟರ್‌ಗಳು ಎದುರಿಗೇ ನುಗ್ಗಿದಾಗ ಓರೆಯಾಗಿ ತಪ್ಪಿಸಿಕೊಳ್ಳೋಣ ಅನ್ನಿಸುತ್ತದಂತೆ. ಆದರೆ ಸಾಲು ಬಿಟ್ಟವನ ಮೇಲೆಯೇ ಅವೆಲ್ಲ ಮುಗಿಬೀಳುತ್ತವೆ.

ಸುಮ್ಮನಿರಲಾರದ ನಾನು, ಇಂಜಿನ್ ಕೆಟ್ಟು ಹಿಂದೆ ಬಿದ್ದರೆ ಏನು ಗತಿ ಎಂದು ಕೇಳಿದೆ. ಎಷ್ಟೋ ಸಲ ಬಿಟ್ಟೇ ಹೋಗಬೇಕಾಗುತ್ತಿತ್ತು ಎಂದು ಅವರು ತಲೆ ತಗ್ಗಿಸಿದರು. ಅವರ ವಿಮಾನದ್ದೇ ಒಂದು ಇಂಜಿನ್ ನಿಂತ ದಿನ ಮಾತ್ರ ಮುಂದಾಳು ಇಡೀ ಗುಂಪಿನ ವೇಗ ಇಳಿಸಿದನಂತೆ.

"ಎಲ್ಲರಿಗೂ ಅಪಾಯವೇ ಇತ್ತು. ಆದರೂ ನಿಧಾನ ಮಾಡಿದ. ನಿನಗೆ ಇವತ್ತು ನಿಂಬೆಹಣ್ಣು ಸಿಕ್ಕಿದ್ದು ಅದಕ್ಕೇ."

ನಾನು ಆ ವಾರ ಎರಡು ಸಬ್ಜೆಕ್ಟ್ ಫೇಲಾಗಿದ್ದೆ. ವೀಸಾ ಕೈತಪ್ಪುವ ಹಾಗಿತ್ತು. ಬಸುಗೂ ಹೇಳದೆ ಬೇರೆ ಸಬರ್ಬಿಗೆ ಓಡಿಹೋಗಲು ಸೂಟ್‌ಕೇಸ್ ಕಟ್ಟಿಟ್ಟಿದ್ದೆ. ಮಾನ ಉಳಿಸಿಕೊಳ್ಳುವ ನನ್ನ ಉಪಾಯ ನೋಡಿ! ಟೆಡ್ ಅಂಕಲ್ ಹೋದ ಮೇಲೆ ಬಸುವಿಗೆ ಎಲ್ಲ ಹೇಳಿದೆ. ಅವನಿಗೆ ಸಿಡ್ನಿಯಲ್ಲಿ ಕೆಲಸ ಸಿಕ್ಕಿ, ಹೊರಡುವುದೊಂದೇ ಬಾಕಿಯಿತ್ತು.

"ನೀ ಪಾಸ್ ಆಗೂತನಾ ನಾನೂ ಇಲ್ಲೇ ಇರ್ತೀನಿ," ಅಂದ. "ಸಾವಕಾಶ ಹೋಗೂಣು."

ಆ ಕೆಲಸ ಬಿಟ್ಟುಕೊಟ್ಟು, ಒಂದು ಸೆಮಿಸ್ಟರ್ ಪೂರ್ತಿ ದಿನಾ ಸಂಜೆ ನನಗೆ ಪಾಠ ಹೇಳಿದ. ಕೊನೆಗೆ ಸಿಡ್ನಿಗೆ ಬಂದವನು ನಾನು, ವೆರಿಬೀಯಲ್ಲೇ ಉಳಿದವನು ಅವನು. ಇಲ್ಲಿ ಕಾಯಂ ನೆಲೆಸಲು ಸಿಕ್ಕ ನನ್ನ ಪಿಆರ್, ಈ ಮನೆ, ಇದರ ಮುಗಿಯದ ಮಾರ್ಟ್‌ಗೇಜ್ ಎಲ್ಲವೂ ಅವನ ಪುಣ್ಯ. ಇದನ್ನು ಅವನೆದುರು ಒಮ್ಮೆಯೂ ಬಾಯಿಬಿಟ್ಟು ಹೇಳಿಲ್ಲ.

ಹೋದ ತಿಂಗಳು ಬಸುವಿನ ಕೆಲಸ ಹೋಯಿತು. ಎರಡು ವಾರದಿಂದ ಫೋನ್ ಎತ್ತುತ್ತಿಲ್ಲ. ಒಂಟಿಯಾಗಿರಬೇಕು ಅನ್ನಿಸಿರಬಹುದು, ಇರಲಿ ಬಿಡು ಎಂದುಕೊಂಡಿದ್ದೆ; ನನಗೂ ಅದೇ ಅನುಕೂಲವಾಗಿತ್ತು.

ತಟ್ಟೆಗಳನ್ನು ತುಸು ತಿರುಗಿಸಿ, ಗುಳಿಯ ಮೇಲೆ ಗುಳಿ ಬಾರದಂತೆ ಜೋಡಿಸುವುದನ್ನು ಮಗಳಿಗೆ ತೋರಿಸಿಕೊಟ್ಟೆ. ಎರಡನೇ ಒಬ್ಬೆ ಬೇಯುವಷ್ಟರಲ್ಲಿ ಮೆಲ್ಬರ್ನಿಗೆ ಟಿಕೆಟ್ ಬುಕ್ ಮಾಡಿ, ಬಸುವಿಗೆ ಮೆಸೇಜ್ ಹಾಕಿದೆ: "ಶುಕ್ರವಾರ ಬರ್ತಿದೀನಿ. ಸಾವಕಾಶ ಹೋಗೋಣ."

ಬಹಳ ಹೊತ್ತಿನ ಮೇಲೆ ಉತ್ತರ ಬಂತು: "ಇಡ್ಲಿ ಸ್ಟ್ಯಾಂಡ್ ತಗೊಂಡ ಬಾ. ನಂದು ಮುರದೈತಿ."

ಸ್ಟ್ಯಾಂಡ್ ತೊಳೆದು ಒರೆಸಿ, ಬ್ಯಾಗಿಗೆ ಎಲ್ಲಕ್ಕಿಂತ ಮೊದಲು ಅದನ್ನೇ ಹಾಕಿದೆ.