ಮೂರು ಕೊಪೆಕ್ಕಿನ ಬೀಗತನ

ದಾಂಡೇಲಿಯಲ್ಲಿ ಸ್ಕೂಟರ್ ರಿಪೇರಿ ಮಾಡುವ ಇಮಾಮಸಾಬರಿಗೆ ಐವತ್ತೆಂಟು ವರ್ಷದವರೆಗೆ ಯಾವ ಚಟವೂ ಇರಲಿಲ್ಲ. ಬೀಡಿ ಇಲ್ಲ, ಇಸ್ಪೀಟು ಇಲ್ಲ, ಚುನಾವಣೆಯಲ್ಲಿ ಸಹ ಒಂದೇ ಪಕ್ಷದ ಊಟ ಉಣ್ಣುತ್ತಿದ್ದರು. ಅಂಥವರನ್ನು ಕೆಡಿಸಿದ್ದು ಒಬ್ಬ ರಷ್ಯನ್ ಹೆಂಗಸು.

ಗೋವಾದಿಂದ ಬಾಡಿಗೆ ಸ್ಕೂಟರಿನಲ್ಲಿ ಗಣೇಶಗುಡಿಗೆ ಬಂದಿದ್ದ ಅವಳ ಗಾಡಿ ಕುಳಗಿ ರಸ್ತೆಯಲ್ಲಿ ಕೆಟ್ಟು ನಿಂತಿತ್ತು. ರಾಫ್ಟ್ ನಡೆಸುವ ಮೈಕಲ್ ಅದನ್ನು ಟೆಂಪೋದಲ್ಲಿ ಹೇರಿಕೊಂಡು ತಂದ. ಕಾರ್ಬೊರೇಟರಿನ ಕಸ ತೆಗೆದಿದ್ದಕ್ಕೆ ಇಮಾಮಸಾಬರು ದುಡ್ಡು ಬೇಡವೆಂದರು. ಅವಳು ಪರ್ಸಿನಿಂದ ಹಳದಿ ಬಣ್ಣದ ನಾಣ್ಯವೊಂದನ್ನು ತೆಗೆದು ಅವರ ಅಂಗೈಯಲ್ಲಿಟ್ಟಳು. ಮೂರು ಕೊಪೆಕ್, ಅಂದರೆ ರಷ್ಯಾದ ಮೂರು ಪೈಸೆ, ಇಸವಿ 1957.

“ಅರವತ್ತೊಂದರಾಗ ಅವರ ಸರಕಾರ ರೊಕ್ಕ ಬದಲ್ ಮಾಡ್ತಂತ್ರೀ,” ಎಂದು ಮೈಕಲ್ ಅವಳ ಇಂಗ್ಲಿಷನ್ನು ಕನ್ನಡಕ್ಕೆ ಇಳಿಸಿದ. “ಹಳೇ ಹತ್ತು ರೂಬಲ್ ಕೊಟ್ರ ಹೊಸಾದು ಒಂದ. ಪಗಾರ, ಧಾರಣಿ, ಎಲ್ಲಾ ಹತ್ತಕ್ಕೊಂದು. ಆದ್ರ ಒಂದು, ಎರಡು, ಮೂರು ಕೊಪೆಕ್ಕಿನ ಚಿಲ್ಲರೆ ಹೊಸಾದು ಮಾಡಾಕ ಖರ್ಚು ಭಾಳ ಅಂತ ಹಳೇವ್ನ ಅದ ಬೆಲಿಗೆ ನಡಿಯಾಕ ಬಿಟ್ರಂತ. ಇಕಿ ಅಜ್ಜಿ ಡಬ್ಬ್ಯಾಗ ಚಿಲ್ಲರೆ ಕೂಡಿಸಿ ಇಟ್ಟಿದ್ಲು. ಅದು ಕುಂತಲ್ಲೇ ಹತ್ತು ಪಟ್ಟು ಆತಂತ.”

ಇಮಾಮಸಾಬರಿಗೆ ಈ ಮಾತು ನಾಟಿತು. ಬಡವರ ಹೆಸರಿನಲ್ಲೇ ನಡೆದ ಸರಕಾರವೊಂದು ಬಡಮುದುಕಿಗೆ ಉಪಕಾರ ಮಾಡಿದ್ದು ತನ್ನ ಖರ್ಚು ಉಳಿಸಲು ಹೋಗಿ! ಅಂದಿನಿಂದ ತಿಂಗಳಿಗೊಮ್ಮೆ ಗ್ಯಾರೇಜು ಮುಚ್ಚಿ ವಿದೇಶಿಯರ ಹಳೆ ಸಾಮಾನು ಸಿಗುವ ಗೋವಾದ ಬುಧವಾರದ ಬಜಾರಿಗೆ ಹೋಗತೊಡಗಿದರು. ಅರವತ್ತೊಂದಕ್ಕಿಂತ ಹಿಂದಿನ ಕೊಪೆಕ್ಕು ಮಾತ್ರ ಬೇಕು. ಮೂರು ವರ್ಷದಲ್ಲಿ ಗ್ರೀಸಿನ ಖಾಲಿ ಡಬ್ಬಿಯೊಳಗೆ ನಲವತ್ತೊಂದು ನಾಣ್ಯ ಸೇರಿದವು.

“ನಡೀದ ರೊಕ್ಕ ತರಾಕ ನಡಿಯೂ ರೊಕ್ಕ ಕೊಡ್ತೀರಲ್ರೀ,” ಎಂದು ಹೆಂಡತಿ ಅಮೀರುನ್ನಿಸಾ ಪ್ರತಿ ಸಲವೂ ಅನ್ನುತ್ತಿದ್ದರು.

ಅಷ್ಟರಲ್ಲಿ ಮೊಬೈಲಿನಲ್ಲಿ ಸುದ್ದಿ ಬಿಡುವವನೊಬ್ಬ ಬಂದು ಡಬ್ಬಿಯ ವಿಡಿಯೊ ಮಾಡಿಕೊಂಡು ಹೋದ. ‘ಗ್ಯಾರೇಜಿನಲ್ಲಿ ರಷ್ಯಾದ ಖಜಾನೆ! ಬೆಲೆ ಕೋಟಿ?’ ಎಂದು ತಲೆಬರಹ ಕೊಟ್ಟ. ಪ್ರಶ್ನೆಯ ಚಿಹ್ನೆಯನ್ನು ಯಾರೂ ಓದಲಿಲ್ಲ.

ಮುಂಡಗೋಡದ ಹಾರ್ಡ್‌ವೇರ್ ವ್ಯಾಪಾರಿ ಮಖ್ತುಮಸಾಬರು ಹಿಂದಿನ ವರ್ಷವಷ್ಟೇ ಇಮಾಮಸಾಬರ ಮಗಳು ಮಹೆಜಬೀನಳ ಸಂಬಂಧವನ್ನು ‘ಗ್ಯಾರೇಜಿನವರ ಮನಿ’ ಎಂದು ಬಿಟ್ಟಿದ್ದರು. ಈಗ ಮಗ ಆಶಿಕನನ್ನು ಕಾರಿನಲ್ಲಿ ಕೂಡಿಸಿಕೊಂಡು, ಮಿಠಾಯಿ ಹಿಡಿದುಕೊಂಡು ತಾವಾಗಿಯೇ ಬಂದರು. ಹುಡುಗಿಯನ್ನು ಒಂದು ನಿಮಿಷ ನೋಡಿದರು, ಡಬ್ಬಿಯನ್ನು ಅರ್ಧ ತಾಸು.

“ವರದಕ್ಷಿಣಿ ನಾವು ಮುಟ್ಟೂದಿಲ್ಲ, ಇಮಾಮಭಾಯಿ. ಬಂಗಾರ ಬ್ಯಾಡ, ಗಾಡಿ ಬ್ಯಾಡ. ಖುಷಿಲೆ ಈ ಡಬ್ಬಿ ಕೊಟ್ರ ಸಾಕು.”

“ಭಾಯಿ, ಒಂದೊಂದಕ್ಕ ಮೂವತ್ತು ರೂಪಾಯಿ ಬೆಲೆ,” ಎಂದರು ಇಮಾಮಸಾಬರು. “ಎಲ್ಲಾ ಕೂಡಿದ್ರೂ ಸ್ಕೂಟರಿಗೆ ಒಂದು ಟೈರ್ ಬರೂದಿಲ್ಲ.” ನಂಬಲೆಂದು ಮೊಬೈಲಿನಲ್ಲಿ ಧಾರಣೆಯನ್ನೂ ತೋರಿಸಿದರು.

ಮಖ್ತುಮಸಾಬರು ಮಗನತ್ತ ಕಣ್ಣು ಹೊಡೆದರು. ಇಷ್ಟು ತಯಾರಿ ಮಾಡಿಕೊಂಡು ಬೆಲೆ ಇಳಿಸುವವನ ಹತ್ತಿರ ಎಷ್ಟಿರಬೇಡ!

ಚಹಾ ತಂದ ಮಹೆಜಬೀನ ಹಳಿಯಾಳದ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದವಳು. ದಿನವೂ ನೂರು ಜನರ ಜೊತೆ ಮಾತಾಡಿ ಸಂಕೋಚ ಹೋಗಿತ್ತು. ನೇರವಾಗಿ ಆಶಿಕನನ್ನೇ ಕೇಳಿದಳು:

“ನಿಮಗ ಯಾವದು ಬೇಕ್ರಿ? ನಾನೋ, ಡಬ್ಬಿಯೋ?”

ಆಶಿಕ ಅಪ್ಪನ ಮುಖ ನೋಡಿದ. ಅಪ್ಪ ಡಬ್ಬಿ ನೋಡಿದರು.

“ಹಂಗಾದ್ರ ಡಬ್ಬಿ ತೊಗೊಂಡು ಹೋಗ್ರಿ,” ಎಂದು ಅವಳು ಅದನ್ನು ಮಖ್ತುಮಸಾಬರ ಮಡಿಲಲ್ಲಿಟ್ಟಳು.

ಇಮಾಮಸಾಬರು ಡಬ್ಬಿಗೆ ಕೈ ಚಾಚಿದರು. ಮಗಳ ಮುಖ ನೋಡಿ ಹಿಂದೆಗೆದರು. ಬಂದವರೇ ನಾಚಿಕೆಯಾಗಿ ತಿರುಗಿ ಕೊಟ್ಟಾರು ಎಂಬ ಆಸೆ ಇತ್ತು. ಮಖ್ತುಮಸಾಬರು ಡಬ್ಬಿಯನ್ನು ಎದೆಗವಚಿಕೊಂಡು ಎದ್ದೇಬಿಟ್ಟರು. ಹೋಗುವಾಗ ಮಿಠಾಯಿಯನ್ನೂ ಮರೆಯದೆ ಎತ್ತಿಕೊಂಡರು.

ಹದಿನೈದು ದಿನಕ್ಕೆ ಫೋನು ಬಂತು. ಹುಬ್ಬಳ್ಳಿಯಲ್ಲೂ ಬೆಳಗಾವಿಯಲ್ಲೂ ನಾಣ್ಯದ ವ್ಯಾಪಾರಿಗಳು ಮೂವತ್ತೇ ರೂಪಾಯಿ ಎಂದರಂತೆ.

“ಎಲ್ಲಾರನ್ನೂ ಕೈಯಾಗ ಹಾಕ್ಕೊಂಡೀರಿ ನೀವು,” ಎಂದು ಮಖ್ತುಮಸಾಬರು ಹಾರಾಡಿದರು. “ಇರ್ಲಿ, ನಾ ಮುಂಬೈಗೇ ಹೊಂಟೇನಿ.”

ಮುಂಬೈಯವನು ಇಪ್ಪತ್ತೈದು ಎಂದ. ಇಷ್ಟು ದೊಡ್ಡ ಊರಿನವನೂ ಬೆಲೆ ಮುಚ್ಚಿಡುತ್ತಾನೆಂದರೆ ಸಂಗತಿ ಸಣ್ಣದಲ್ಲವೆಂದು ಮಖ್ತುಮಸಾಬರು ಡಬ್ಬಿಯನ್ನು ತಿಜೋರಿಯಲ್ಲಿಟ್ಟು ಬೀಗ ಹಾಕಿದರು.

“ಉಳಿದದ್ದು ನೀವ ಇಟ್ಕೊಳ್ರಿ, ಭಾಯಿ. ಐವತ್ತೇಳರ ಮೂರು ಕೊಪೆಕ್ಕು ಒಂದು ತಿರುಗಿ ಕೊಡ್ರಿ,” ಎಂದು ಇಮಾಮಸಾಬರು ಫೋನಿನಲ್ಲಿ ಬೇಡಿಕೊಂಡರು.

“ಹಾಂ! ಕೋಟಿ ಇರೂದು ಅದರಾಗ ಅನ್ರಿ!”

ಅಂದಿನಿಂದ ಆ ಒಂದು ನಾಣ್ಯಕ್ಕೆ ಬೇರೆ ಬೀಗ ಬಿತ್ತೆಂದು ಸುದ್ದಿ.

ಇಮಾಮಸಾಬರು ಒಂದು ವಾರ ಸರಿಯಾಗಿ ಊಟ ಮಾಡಲಿಲ್ಲ. “ಸಿಟ್ಟಾದ್ರೇನ್ರೀ ಅಬ್ಬಾ?” ಎಂದು ಮಹೆಜಬೀನ ಕೇಳಿದಳು.

“ಡಬ್ಬಿ ಹೋತಂತ ಬ್ಯಾಸರ ಐತಿ. ಆ ಮನಿಗೆ ನೀ ಹೋಗಲಿಲ್ಲಲ್ಲ, ಅದಕ್ಕ ಖುಷಿನೂ ಐತಿ. ಎರಡೂ ಕೂಡಿ ಹಸಿವು ಆಗವಲ್ದು.”

ಮುಂದಿನ ಬುಧವಾರ ಅವಳು ರಜೆ ಹಾಕಿ ಅಪ್ಪನ ಜೊತೆ ಗೋವಾದ ಬಸ್ ಹತ್ತಿದಳು. ಬಜಾರಿನಲ್ಲಿ ಇಮಾಮಸಾಬರು ನಾಣ್ಯ ಆರಿಸಿದರು, ಅವಳು ಚೌಕಾಸಿಗಿಳಿದಳು. ಮೂರು ವರ್ಷ ಅಪ್ಪನಿಂದ ಮೂವತ್ತೈದು ತೆಗೆದುಕೊಂಡ ವ್ಯಾಪಾರಿ ಅವಳಿಗೆ ಹತ್ತೇ ರೂಪಾಯಿಗೆ ಕೊಟ್ಟು, ಮತ್ತೆ ಬರಬೇಕೆಂದು ಕೈ ಮುಗಿದ. ತಿರುಗಿ ಬರುವಾಗ ಇಮಾಮಸಾಬರು ರಾಮನಗರ ಬರುವವರೆಗೆ ಮೂರು ವರ್ಷದಲ್ಲಿ ಎಷ್ಟು ಹೆಚ್ಚು ಕೊಟ್ಟೆನೆಂದು ಬೆರಳು ಮಡಚಿ ಲೆಕ್ಕ ಹಾಕಿದರು. ಅಲ್ಲಿ ಬಸ್ ನಿಂತಾಗ ಮೆಲ್ಲಗೆ ಅಂದರು:

“ಇದನ್ನ ನಿಮ್ಮ ಅಮ್ಮಿಗೆ ಹೇಳಬ್ಯಾಡ.”