ನಗುವನ್ನೂ ಬಿಡದೆ ಬರೆಯುವ ಪ್ರಸಾದ್

ಬೆಳಗಿನ ಐದೂವರೆ. ಪಕ್ಕದ ಸೈಟಿನಲ್ಲಿ ಕಾಂಕ್ರೀಟ್ ಮಿಕ್ಸರ್ ಶುರುವಾಗುವ ಮುನ್ನ ಮುಗಿಸಬೇಕೆಂದು ಬೋಗಾದಿಯ ಬಾಡಿಗೆ ಮನೆಯಲ್ಲಿ ಪ್ರಸಾದ್ ಹೆಡ್‌ಫೋನ್ ಏರಿಸಿ ಕೂತಿದ್ದಾರೆ. ಲ್ಯಾಪ್‌ಟಾಪಿನಲ್ಲಿ ಪಿಯುಸಿ ಮೇಷ್ಟ್ರೊಬ್ಬರು ಸವಕಳಿಯ, ಅಂದರೆ ಬಳಸಿದಂತೆ ವಸ್ತುವಿನ ಬೆಲೆ ಇಳಿಯುವ ಲೆಕ್ಕದ, ಪಾಠ ಮಾಡುತ್ತಿದ್ದಾರೆ. "ನನ್ನ ಸ್ಕೂಟರನ್ನೇ ತಗೊಳ್ಳಿ. ಕೊಂಡಾಗ ಹೆಂಡ್ತಿ ಹಿಂದೆ ಕೂರ್ತಿದ್ಲು. ಈಗ ಹಿಂದಿನಿಂದ ತಳ್ತಾಳೆ." ತರಗತಿ ಘೊಳ್ಳೆನ್ನುತ್ತದೆ. ಪ್ರಸಾದ್ ನಗುವುದಿಲ್ಲ. ಕೊನೆಯ ಮಾತು ಪರದೆಯ ಮೇಲೆ ಮೊದಲೇ ಕಂಡುಬಿಟ್ಟರೆ ತಮಾಷೆ ಕೆಟ್ಟಿತು ಎಂದು ಅದನ್ನು ಬೇರೆ ಸಾಲು ಮಾಡಿ ಕೂರಿಸುತ್ತಾರೆ. ಈ ತುಣುಕನ್ನು ಕೇಳುತ್ತಿರುವುದು ಇದು ಆರನೇ ಸಲ.

ಆನ್‌ಲೈನ್ ಪಾಠಗಳ ಮಾತನ್ನು ಪರದೆಯ ಕೆಳಗೆ ಅಕ್ಷರವಾಗಿಸುವುದು, ಅಂದರೆ ಕ್ಯಾಪ್ಷನ್ ಹಾಕುವುದು, ಇವರ ಕಸುಬು. ಐದು ವರ್ಷದಲ್ಲಿ ಆರುನೂರು ಪಾಠ ದಾಟಿದೆ. ಒಂದು ನಿಮಿಷದ ಮಾತಿಗೆ ಹತ್ತು ನಿಮಿಷದ ದುಡಿಮೆ. "ಕಂಪ್ಯೂಟರ್ರೇ ಬರ್ಕೊಡುತ್ತಲ್ಲ, ನಿಂದೇನಪ್ಪ ಕೆಲಸ ಅಂತಾರೆ. ಬರ್ಕೊಡುತ್ತೆ ಕಣ್ರೀ. ಎಲ್ಲಿ ನಿಲ್ಲಿಸ್ಬೇಕು ಅಂತ ಅದಕ್ಕೆ ಗೊತ್ತಾಗಲ್ಲ."

ಪಾಠಕ್ಕೆ ಸಂಬಂಧಪಡದ ಮಾತು ಬೇಡ ಎನ್ನುವುದು ಕೆಲಸ ಕೊಡುವವರ ನಿಯಮ. ಮೊದಲ ವರ್ಷ ಪ್ರಸಾದ್ ಕೂಡ ತಮಾಷೆಗಳನ್ನೆಲ್ಲ ಬಿಟ್ಟುಬಿಡುತ್ತಿದ್ದರು. ಅವರ ಪಾಠಗಳನ್ನು ಮೊದಲು ನೋಡುವವರು ಅಕ್ಕ ಕುಸುಮ. ಹುಟ್ಟಿನಿಂದ ಕಿವಿ ಕೇಳದ ಅವರು ಪಿಯುಸಿ ಅರ್ಧಕ್ಕೆ ಬಿಟ್ಟು ಕಡಕೊಳದ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಮಾಡುತ್ತಾರೆ. ಒಂದು ದಿನ ವಿಡಿಯೊ ನಿಲ್ಲಿಸಿ ಮೊಬೈಲಿನಲ್ಲಿ ಬರೆದು ತೋರಿಸಿದರು: 'ಎಲ್ಲರೂ ಯಾಕೆ ನಕ್ಕರು?'

"ಆಮೇಲೆ ಹೇಳ್ತೀನಿ ಅಂತ ಸನ್ನೆ ಮಾಡ್ಬುಟ್ಟೆ. ಮಾಡಿದ್ಮೇಲೆ ಹೊಳೀತು. ಚಿಕ್ಕಂದಿನಿಂದ ನಾವೆಲ್ಲ ಅದನ್ನೇ ಹೇಳಿರೋದು. ಊಟಕ್ಕೆ ಕೂತಾಗ ಅಪ್ಪ ಏನಾದ್ರೂ ಅನ್ನೋರು, ಮನೆಮಂದಿಯೆಲ್ಲ ನಗೋದು. ಅಕ್ಕ ನಮ್ಮ ಮುಖ ನೋಡೋಳು. ಆಮೇಲೆ ಯಾರೂ ಹೇಳ್ಲಿಲ್ಲ."

ನಿಯಮ ಏನೇ ಇರಲಿ, ಅಂದಿನಿಂದ ಪ್ರಸಾದ್ ಒಂದು ನಗುವನ್ನೂ ಬಿಟ್ಟಿಲ್ಲ. ಅಕ್ಕ ಪಿಯುಸಿ ಮತ್ತೆ ಕಟ್ಟುವ ಅರ್ಜಿ ವಾರದಿಂದ ಮೇಜಿನ ಮೇಲಿದೆ. ಯಾರನ್ನೂ ಏನೂ ಕೇಳದೆ ಒಂದು ಪಾಠ ಪೂರ್ತಿ ನೋಡಿದರೆ ಸಹಿ ಹಾಕುತ್ತೇನೆ ಎಂದು ಕುಸುಮ ಹಟ ಹಿಡಿದಿದ್ದಾರೆ.

ಕಾರ್ಖಾನೆಯ ವ್ಯಾನ್ ಬರುವ ಮುನ್ನ ಅವರು ಇವತ್ತಿನ ಪಾಠಕ್ಕೆ ಕೂರುತ್ತಾರೆ. ಪ್ರಸಾದ್ ಪರದೆ ನೋಡುವುದಿಲ್ಲ, ಅಕ್ಕನ ಮುಖ ನೋಡುತ್ತಾರೆ. ಸ್ಕೂಟರ್ ಬರುತ್ತದೆ. ತರಗತಿ ನಗುತ್ತದೆ, ಅದೇ ಗಳಿಗೆಗೆ ಕುಸುಮ ಕೂಡ. ಪಾಠ ಮುಗಿಯುವವರೆಗೆ ಮೊಬೈಲ್ ಮುಟ್ಟುವುದಿಲ್ಲ. ಅರ್ಜಿಗೆ ಸಹಿ ಹಾಕಿ, ತಮ್ಮನ ತಲೆಗೊಂದು ಮೊಟಕಿ ಇಳಿದು ಹೋಗುತ್ತಾರೆ.

ಇನ್ನೇನು ಬೇಕು ನಿಮಗೆ ಎಂದು ಕೇಳಿದರೆ ಪ್ರಸಾದ್ ಹೆಡ್‌ಫೋನ್ ವೈರನ್ನು ಬೆರಳಿಗೆ ಸುತ್ತುತ್ತಾ ಹೇಳುತ್ತಾರೆ.

"ಅಪ್ಪ ಹೋಗಿ ಒಂಬತ್ತು ವರ್ಷ ಆಯ್ತು. ಆವಾಗೆಲ್ಲ ಏನಂದು ನಗಿಸ್ತಿದ್ರು ಅಂತ ಅಕ್ಕ ಈಗ್ಲೂ ಕೇಳ್ತಾಳೆ. ಹೇಳಾಣ ಅಂದ್ರೆ, ನನಗೆ ಒಂದೂ ನೆಪ್ಪಿಲ್ಲ ಕಣ್ರೀ."